ಕಾಯಿ ಒಣಗುವವರೆಗೆ

ಹುಬ್ಬಳ್ಳಿಯ ಹುಡುಗನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಟ್ಟಿತು. ಅವನ ಪಕ್ಕದ ಚೌಕದಲ್ಲಿ ಪೆನ್ಸಿಲನ್ನು ಕಿವಿಯೊಳಕ್ಕೆ ತೂರಿಸಿಕೊಳ್ಳುತ್ತಿದ್ದ ಮಂಗಳೂರಿನ ಹುಡುಗಿಯೂ ಅಲ್ಲೇ ಕಲ್ಲಾದಳು. "ಮುಕ್ಕಾಲಿನಲ್ಲಿ ಅರ್ಧ ಕಳೆದರೆ ಎಷ್ಟು?" ಎಂದು ತಾನು ಕೇಳಿದ್ದು ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂಬುದು ಹೇಮಶ್ರೀಗೆ ಗೊತ್ತಾಗಲಿಲ್ಲ. ಲ್ಯಾಪ್‌ಟಾಪಿನ ಪರದೆಯ ನಡುವೆ ಸಣ್ಣ ಚಕ್ರವೊಂದು ಗಾಣದ ಎತ್ತಿನ ಹಾಗೆ ಅವಸರವಿಲ್ಲದೆ ಸುತ್ತುತ್ತಿತ್ತು.

ಅವಳು ಮುಂದಿನ ಕೆಲಸವನ್ನು ಯೋಚಿಸದೆಯೇ ಮಾಡಿದಳು, ಅಷ್ಟು ರೂಢಿಯಾಗಿತ್ತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಚಾರ್ಜರಿನ ವೈರನ್ನು ಹೆಗಲಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಚಿಲಕ ತೆಗೆದು ಮೆಟ್ಟಿಲಿಳಿದಳು. ಮೆಟ್ಟಿಲಿನ ಪಕ್ಕದಲ್ಲೇ ನಡುಮನೆಯ ಉದ್ದಕ್ಕೂ ಅಟ್ಟ. ಅದರ ತೊಲೆಗೆ ತಲೆ ತಾಗದಂತೆ ಬಗ್ಗಿ, ನಡುಮನೆ ದಾಟಿ ಹಜಾರಕ್ಕೆ ಬರುವಷ್ಟರಲ್ಲಿ ಚಕ್ರ ಮಾಯವಾಗಿತ್ತು.

"ಮಿಸ್, ಓಡಾಕತ್ತೀರೇನ್ರಿ?" ಹುಬ್ಬಳ್ಳಿಯ ಹುಡುಗನ ಬಾಯಿ ಈಗ ಮುಚ್ಚಿ ಮತ್ತೆ ತೆರೆಯಿತು. "ತೆಂಗಿನಕಾಯಿ, ತೊಲಿ, ಎಲ್ಲಾ ಕಾಣಾಕತ್ತಾವ್ರಿ."

"ಏನಿಲ್ಲ, ಕೂತ್ಕೊಳ್ಳಿ. ಮುಕ್ಕಾಲು. ಅದರಲ್ಲಿ ಅರ್ಧ ಕಳೀಬೇಕು."

"ಮುಕ್ಕಾಲು ಅಂದ್ರೆ ಹನ್ನೆರಡಾಣೆ ಕಣ್ರಪ್ಪಾ," ಎಂದಿತು ಬೆಂಚಿನ ಕಡೆಯಿಂದ ಒಂದು ದನಿ. ಹೇಮಶ್ರೀಯ ಮಾವ ಬೀರಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. "ಅದ್ರಲ್ಲಿ ಎಂಟಾಣೆ ತಗುದ್ರೆ ನಾಕಾಣೆ. ಇದ್ಕೆಲ್ಲ ಯಾಕೆ ತಲೆ ಕೆಡಿಸ್ಕಂತೀರಿ?"

ಚೌಕಗಳೆಲ್ಲ ನಕ್ಕವು. ಅಷ್ಟರಲ್ಲಿ ಅತ್ತೆಯ ಜೊತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಪಕ್ಕದ ಮನೆಯ ದ್ಯಾಮಮ್ಮ ಹೇಮಶ್ರೀಯ ಭುಜದ ಮೇಲಿಂದ ಮುಖ ತೂರಿಸಿದಳು. "ಅಯ್ಯ, ಎಷ್ಟೊಂದು ಮಕ್ಳು! ಈ ಕೊನೇದು ಯಾರ ಮಗೀನೇ? ಹಿಂಗೆ ಸೊರಗೋಗೈತೆ. ಲೇ ಮಗಾ, ಉಂಡ್ಯಾ?"

"ಇಲ್ರಿ ಅಜ್ಜಿ. ಬಿಸ್ಕಿಟ್ ತಿಂದೀನ್ರಿ."

"ಬಿಸ್ಕಿಟ್ಟು ಊಟನೇನ್ಲಾ!"

ಕ್ಲಾಸು ಮುಗಿದ ಮೇಲೆ ಆನ್‌ಲೈನ್ ಪಾಠದ ಕಂಪನಿಯಿಂದ ಸಂದೇಶ ಬಂತು. ಪಾಠ ನಡುವೆ ಮುರಿದದ್ದಕ್ಕೆ ಅವಳ ಹೆಸರಿನ ಮುಂದೆ ಎರಡನೆಯ ಕೆಂಪು ಗುರುತು ಬಿದ್ದಿತ್ತು. ಮೂರನೆಯದು ಬಿದ್ದರೆ ಬೇರೆ ಟೀಚರನ್ನು ನೋಡಿಕೊಳ್ಳುತ್ತೇವೆ ಎಂಬುದನ್ನು ಅವರು ಬಹಳ ಮರ್ಯಾದೆಯ ಮಾತಿನಲ್ಲಿ ಬರೆದಿದ್ದರು. ಮುಂದಿನ ವಾರ ಅನಿತಾ ಮೇಡಂ ಎಂಬವರು ಅವಳ ಕ್ಲಾಸನ್ನು ಕೂತು ನೋಡುವವರಿದ್ದರು.

ಈ ತೊಂದರೆಯ ಬೇರು ಯುಗಾದಿಯ ಸಮಯದ್ದು. ಮನೆಗೆ ಇಂಟರ್ನೆಟ್ಟಿನ ಫೈಬರ್ ಲೈನ್ ಎಳೆಯಲು ಕಡೂರಿನಿಂದ ಬಂದಿದ್ದ ಬಸವೇಶ ಎಲ್ಲ ಗೋಡೆಗಳನ್ನೂ ಗೆಣ್ಣಿನಿಂದ ಕುಟ್ಟಿ ನೋಡಿದ್ದ. "ಮೇಷ್ಟ್ರೇ, ಇದು ರೈಲಿನಂಥ ಮನೆ. ಮುಂದೆ ಮಣ್ಣುಗೋಡೆ, ಹಿಂದೆ ಮೇಲಕ್ಕೆ ಕಾಂಕ್ರೀಟು. ಒಂದು ಡಬ್ಬದಲ್ಲಿ ಆಗಲ್ಲ. ಮೆಶ್ ಹಾಕ್ಸಿ. ಹಜಾರದಲ್ಲೊಂದು, ನಡುವೆ ಒಂದು. ಗಾರೆ ಕೆಲಸದೋರು ಇಟ್ಟಿಗೇನ ಕೈಯಿಂದ ಕೈಗೆ ಎಸೀತಾರಲ್ಲ, ಹಂಗೆ ಸಿಗ್ನಲ್ಲು ಒಂದ್ರಿಂದ ಒಂದಕ್ಕೆ ಹೋಗ್ತದೆ."

ಹೇಮಶ್ರೀಯ ಗಂಡ ಭೈರೇಶ ಹೋಬಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಾರುವವನ ಮಾತನ್ನು ಅಳೆಯದೆ ಒಪ್ಪಿದರೆ ಒಂಬತ್ತನೇ ಕ್ಲಾಸಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಆರು ಕೋಲುಗಳ ಒಂದು ದೊಡ್ಡ ರೂಟರನ್ನು ಅವನೇ ಆರಿಸಿ ತರಿಸಿದ. ಬೀರಪ್ಪ ಅದನ್ನು ನೋಡಿದ ಕ್ಷಣವೇ 'ಏಡಿ' ಎಂದು ಕರೆದ, ಆಮೇಲೆ ಆ ಮನೆಯಲ್ಲಿ ಯಾರೂ ಅದಕ್ಕೆ ಬೇರೆ ಹೆಸರು ಬಳಸಲಿಲ್ಲ. ಏಡಿಯನ್ನು ಹಜಾರದ ಗೋಡೆಗೆ ಕೂರಿಸಿ, ಭೈರೇಶ ಫೋನನ್ನು ಮುಂದೆ ಹಿಡಿದು ಎರಡು ದಿನ ಮನೆಯೆಲ್ಲ ತಿರುಗಿದ. ಎಲ್ಲಿ ಎಷ್ಟು ಸಿಗ್ನಲ್ ಎಂಬುದನ್ನು ಪ್ರತಿ ಬಾಗಿಲ ಚೌಕಟ್ಟಿನ ಮೇಲೂ ಸೀಮೆಸುಣ್ಣದಲ್ಲಿ ಬರೆದ. ಪೋಲಿಯೊ ಹನಿ ಹಾಕುವವರು ಬರೆದು ಹೋದಂತಿತ್ತು. ಅವನ ತಾಯಿ ಸುಲೋಚನಮ್ಮ ಹಬ್ಬಕ್ಕೆ ಬಾಗಿಲು ಒರೆಸುವಾಗ ಸರ್ಕಾರದ ಲೆಕ್ಕವಿರಬೇಕೆಂದು ಅಂಕಿಗಳನ್ನು ಬಿಟ್ಟು ಸುತ್ತಲೂ ಒರೆಸಿದ್ದಳು.

ಮೇಲಿನ ರೂಮಿನ ಬಾಗಿಲ ಮೇಲೆ ಮೈನಸ್ ಅರವತ್ತೆರಡು ಎಂದು ಬಿದ್ದಿತ್ತು. "ನೋಡು," ಎಂದು ಭೈರೇಶ ಅಂಕಿಯ ಕೆಳಗೆ ಗೆರೆ ಎಳೆದಿದ್ದ. "ಬೇಕಾದಷ್ಟಾಯ್ತು. ಇನ್ನು ಮೆಶ್ ಹಾಕ್ಸಿದ್ರೆ ಬಸವೇಶನ್ನ ಉದ್ಧಾರ ಮಾಡಿದಂಗೆ ಅಷ್ಟೇ." ಅಂಕಿ ಸುಳ್ಳೂ ಆಗಿರಲಿಲ್ಲ. ಎರಡು ತಿಂಗಳು ಹೇಮಶ್ರೀ ಮೇಲಿನ ರೂಮಿನಿಂದ ಒಂದು ಕ್ಲಾಸೂ ಮುರಿಯದೆ ಪಾಠ ಮಾಡಿದಳು.

ಆ ರೂಮನ್ನು ರೂಮು ಎಂದು ಮಾಡಿದವಳೂ ಅವಳೇ. ಮಗಳನ್ನು ವಸತಿ ಶಾಲೆಗೆ ಸೇರಿಸಿದ ಮೇಲೆ, ಓದಿದ ಬಿ.ಎಸ್ಸಿ., ಬಿ.ಎಡ್. ಎರಡನ್ನೂ ಪೆಟ್ಟಿಗೆಯಿಂದ ಹೊರತೆಗೆದು ಈ ಕೆಲಸ ಹಿಡಿದಾಗ, ಅಲ್ಲಿದ್ದ ಗೋಣಿಚೀಲ, ಮುರಿದ ಸ್ಪ್ರೇಯರ್, ಯಾರದೋ ಮದುವೆಯಲ್ಲಿ ಬಂದು ಯಾರೂ ಬಿಚ್ಚದ ಗೋಡೆ ಗಡಿಯಾರಗಳನ್ನೆಲ್ಲ ಕೆಳಗಿಳಿಸಿ ಸುಣ್ಣ ಹೊಡೆದಿದ್ದಳು. ಒಂದು ಮೇಜು, ಒಂದು ಕುರ್ಚಿ, ಕಿಟಕಿಯಾಚೆ ತೆಂಗಿನ ತಲೆಗಳು. ಆ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಹೆಂಗಸೊಬ್ಬಳು ಕೂರಬಹುದಾದ ಬಾಗಿಲು ಅದುವರೆಗೆ ಒಂದೇ ಇತ್ತು, ಅದು ಬಚ್ಚಲಿನದು. ಅಲ್ಲೂ ಹೆಚ್ಚು ಹೊತ್ತು ಕೂತರೆ ಯಾರಾದರೂ ತಟ್ಟುತ್ತಿದ್ದರು. ಮೇಲಿನ ರೂಮಿನ ಬಾಗಿಲನ್ನು ಮಾತ್ರ ಕ್ಲಾಸಿನ ಹೊತ್ತಿನಲ್ಲಿ ಯಾರೂ ತಟ್ಟುತ್ತಿರಲಿಲ್ಲ. ಕ್ಲಾಸು ಮುಗಿದ ಮೇಲೂ ಅವಳು ಸ್ವಲ್ಪ ಹೊತ್ತು ಚಿಲಕ ತೆಗೆಯದೆ ಸುಮ್ಮನೆ ಕೂರುತ್ತಿದ್ದಳು. ಏನೂ ಮಾಡುತ್ತಿರಲಿಲ್ಲ. ಅದೇ ಅದರ ಸೊಗಸು.

ಮುಂಗಾರು ಶುರುವಾದ ಮೇಲೆ ಸಿಗ್ನಲ್ ಕೆಟ್ಟಿತು.

"ರೂಟರ್ ಬದಲಾಗಿಲ್ಲ, ಗೋಡೆ ಬದಲಾಗಿಲ್ಲ," ಎಂದ ಭೈರೇಶ ಎರಡನೆಯ ಗುರುತು ಬಿದ್ದ ರಾತ್ರಿ ಮುದ್ದೆ ಮುರಿಯುತ್ತ. "ಹಂಗಾದ್ರೆ ಬೇರೆ ಯಾವುದೋ ಬದಲಾಗಿರ್ಬೇಕು. ಒಂದೊಂದಾಗಿ ತೆಗೆದು ನೋಡೋಣ."

"ಅಷ್ಟರಲ್ಲಿ ನನ್ನನ್ನೇ ತೆಗೀತಾರೆ," ಎಂದಳು ಹೇಮಶ್ರೀ. "ರೀ, ಬಸವೇಶಂಗೆ ಒಂದು ಫೋನ್ ಮಾಡಿ."

"ಕಾರಣ ಗೊತ್ತಿಲ್ದೆ ಔಷಧಿನಾ?"

ಶುರುವಾಯಿತು. ಮೊದಲು ಫ್ರಿಜ್ಜನ್ನು ಆರಿಸಿ ಅಳೆದ. ಮೊಸರು ಹುಳಿಯಾಯಿತು, ಸಿಗ್ನಲ್ ಬದಲಾಗಲಿಲ್ಲ. ಬೀರುವನ್ನು ನಡುಮನೆಯ ಆ ಗೋಡೆಯಿಂದ ಈ ಗೋಡೆಗೆ ತಳ್ಳಿದ. ದ್ಯಾಮಮ್ಮನ ಮನೆಗೆ ಹೋಗಿ ಅವಳ ಹೊಸ ಮಿಕ್ಸಿಯನ್ನು ಸಂಶಯದಿಂದ ನೋಡಿ, ಚಟ್ನಿ ರುಬ್ಬುವಾಗ ತಿಳಿಸಬೇಕೆಂದು ಕೇಳಿಕೊಂಡು ಬಂದ. ಆಕೆ ಅದನ್ನು ಚಟ್ನಿ ಕೇಳುವ ಹೊಸ ರೀತಿಯೆಂದು ತಿಳಿದು ಒಂದು ಬಟ್ಟಲು ಚಟ್ನಿ ಕಳಿಸಿದಳು. ಈ ನಡುವೆ ಸುಲೋಚನಮ್ಮ ಒಂದು ನಿಂಬೆಹಣ್ಣು, ಮೂರು ಮೆಣಸಿನಕಾಯಿ ಪೋಣಿಸಿ ಏಡಿಯ ಒಂದು ಕೋಲಿಗೆ ಕಟ್ಟಿದಳು. ಅವತ್ತು ಸಂಜೆ ಮೇಲಿನ ರೂಮಿನಲ್ಲಿ ಸಿಗ್ನಲ್ ಎರಡು ಅಂಕಿ ಸುಧಾರಿಸಿತು. ಅದು ಕಾಕತಾಳೀಯವೆಂದು ತಾಯಿಗೆ ವಿವರಿಸಲು ಭೈರೇಶನಿಗೆ ಅರ್ಧ ಗಂಟೆ ಹಿಡಿಯಿತು. ಸುಲೋಚನಮ್ಮ ಎಲ್ಲ ಕೇಳಿ, "ಆಯ್ತಪ್ಪ. ಆದ್ರೆ ಬಿಚ್ಬೇಡ," ಎಂದಳು.

ಭಾನುವಾರ ಬೆಳಿಗ್ಗೆ ಹೇಮಶ್ರೀ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಒಳಗಿನಿಂದ ಒಂದು ಕೂಗು ಬಂತು. ಯಾರೋ ಮೆಟ್ಟಿಲಿಂದ ಬಿದ್ದರೆಂದು ಓಡಿದರೆ, ಭೈರೇಶ ಮೆಟ್ಟಿಲ ಮೇಲೆ ನಿಂತು ಒಂದು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಮುಖದಲ್ಲಿ ಪರಮಾನಂದ.

"ಕೇಳಿಲ್ಲಿ." ಕಾಯಿಯನ್ನು ಅವಳ ಕಿವಿಗೆ ಹಿಡಿದ. ಗುಳಕ್, ಗುಳಕ್.

"ನೀರು."

"ನೀರು ಕಣೇ! ನೀರು! ಯುಗಾದೀಲಿ ನಾನು ಅಳೆದಾಗ ಈ ಅಟ್ಟದಲ್ಲಿ ಏನಿತ್ತು? ಹೋದ ವರ್ಷದ ಕಾಯಿ. ಒಣಗಿ ಕೊಬ್ಬರಿಯಾಗಿತ್ತು. ಆಮೇಲೆ ಅಪ್ಪ ಅದನ್ನೆಲ್ಲ ಇಳಿಸಿ ಸುಲಿಸಿ, ಅರಸೀಕೆರೆ ಮಂಡಿಗೆ ಹಾಕಿ, ಹೊಸ ಕಾಯಿ ತುಂಬಿಸಿದ್ರು. ಒಂದೊಂದು ಕಾಯೊಳಗೂ ಒಂದೊಂದು ಲೋಟ ನೀರು. ಹಜಾರಕ್ಕೂ ನಿನ್ನ ರೂಮಿಗೂ ಮಧ್ಯೆ ನಾವು ಒಂದು ಕೆರೆ ಕಟ್ಟಿ ಇಟ್ಕೊಂಡಿದೀವಿ ಹೇಮಾ! ಈ ತರಂಗಾನ ನೀರು ಕುಡಿದುಬಿಡುತ್ತೆ."

ಹೇಮಶ್ರೀ ಅಟ್ಟದ ಕಡೆ ನೋಡಿದಳು. ಬಿದಿರಿನ ಗಳುಗಳ ಮೇಲೆ, ತೊಲೆಯಿಂದ ತೊಲೆಗೆ, ಸಿಪ್ಪೆ ಸಮೇತ ಕಾಯಿಗಳು ಕತ್ತಲಲ್ಲಿ ಒತ್ತೊತ್ತಾಗಿ ಕೂತಿದ್ದವು. ದಿನಕ್ಕೆ ಹತ್ತು ಸಲ ಅವುಗಳ ಪಕ್ಕ ಬಗ್ಗಿ ಓಡಾಡಿದ್ದಳು. ಗಂಡನ ಬುದ್ಧಿಗೆ ಅವಳಿಗೆ ನಿಜವಾಗಿಯೂ ಮೆಚ್ಚುಗೆಯಾಯಿತು. ಮದುವೆಯಾದಾಗಿನಿಂದ ಈ ಮೆಚ್ಚುಗೆಯೇ ಅವಳಿಗೆ ತೊಂದರೆ ಕೊಟ್ಟಿದ್ದು.

"ಸರಿ, ಕಾರಣ ಗೊತ್ತಾಯ್ತಲ್ಲ. ಈಗ ಬಸವೇಶಂಗೆ ಫೋನ್ ಮಾಡಿ."

"ಯಾಕೆ?" ಭೈರೇಶನಿಗೆ ನಿಜವಾಗಿ ಆಶ್ಚರ್ಯವಾಯಿತು. "ನನ್ನ ಲೆಕ್ಕ ತಪ್ಪಿರ್ಲಿಲ್ಲ ಅಂತ ಸಾಬೀತಾಯ್ತಲ್ಲ. ಒಂದೇ ರೂಟರ್ ಸಾಕು. ಕಾಯಿ ಒಣಗಿದ ಕೂಡ್ಲೆ ತಾನಾಗೇ ಸರಿಹೋಗುತ್ತೆ."

"ಯಾವಾಗ ಒಣಗೋದು?"

"ಮುಂದಿನ ಯುಗಾದಿಗೆ."

ಹೇಮಶ್ರೀ ಸೆರಗಿನಿಂದ ಕೈ ಒರೆಸಿಕೊಂಡಳು. "ಆಗ್ಲಿ. ಕಂಪನಿಯೋರಿಗೆ ಹೇಳ್ತೀನಿ, ನಮ್ಮನೆ ಕೊಬ್ಬರಿ ಆಗೋವರೆಗೂ ಮಕ್ಕಳನ್ನ ಸ್ವಲ್ಪ ಹಿಡ್ಕೊಂಡಿರಿ ಅಂತ."

ಆ ಮಾತಿನ ಮೊನೆ ತಡವಾಗಿಯಾದರೂ ತಾಗಿರಬೇಕು. ಮಧ್ಯಾಹ್ನ ಊಟವಾದ ಮೇಲೆ ಭೈರೇಶ ಅಪ್ಪನ ಎದುರು ಕೂತು, ಗಂಟಲು ಸರಿಮಾಡಿಕೊಂಡು, ಅಟ್ಟದ ನಡುವೆ ಒಂದು ಓಣಿ ಬಿಡಿಸಬಹುದೇ ಎಂದು ಕೇಳಿದ.

"ಯಾರು ಓಡಾಡಕ್ಕೆ?" ಎಂದ ಬೀರಪ್ಪ.

"ಯಾರೂ ಅಲ್ಲಪ್ಪ. ಸಿಗ್ನಲ್ಲು."

ಬೀರಪ್ಪ ಎಲೆ ಮಡಿಸುವುದನ್ನು ನಿಲ್ಲಿಸಿದ. "ಗಾಳೀಲಿ ಹೋಗೋದಕ್ಕೂ ದಾರಿ ಬಿಡ್ಬೇಕೇನ್ಲಾ? ಹಿಂದ್ಲ ಹೊಲಕ್ಕೆ ಬಂಡಿದಾರಿ ಬಿಡು ಅಂತ ನಿನ್ನ ದೊಡ್ಡಪ್ಪನ ಮಕ್ಳು ಕೇಳಿದ್ಕೆ ಅಮಲ್ದಾರ್ರ ತಂಕ ಹೋಗಿ ಬಂದೋನು ನಾನು. ಈಗ ಮನೆಯೊಳ್ಗೇ ದಾರಿ ಬಿಡ್ಲಾ?"

"ಬರೀ ಒಂದು ಮೊಳ ಅಗಲ ಅಪ್ಪ."

"ಶುರುನಲ್ಲಿ ಎಲ್ರೂ ಒಂದು ಮೊಳನೇ ಕೇಳೋದು." ಬೀರಪ್ಪನ ದನಿ ಇಳಿಯಿತು. ಮುಂದಿನದು ತಮಾಷೆಯಲ್ಲ ಎಂದು ಎಲ್ಲರಿಗೂ ತಿಳಿಯುವ ದನಿ ಅದು. "ಅಟ್ಟ ಏರಿದ ಕಾಯಿ ಕೊಬ್ಬರಿಯಾಗೇ ಇಳೀಬೇಕು ಕಣ್ಲಾ. ನಡುವೆ ಕೈಯಾಡ್ಸಿದ್ರೆ ಒಳಗೇ ಕೊಳೀತದೆ. ನಮ್ಮಪ್ಪ ಮುಟ್ತಿರ್ಲಿಲ್ಲ, ನಾನೂ ಮುಟ್ಟಿಲ್ಲ. ನೀನು ಬೆಳಿಗ್ಗೆ ತಗುದು ಕುಲುಕಾಡಿದ್ಯಲ್ಲ, ಆ ಕಾಯಿ ನಿನ್ನ ಸೈನ್ಸಿಗೆ ಬಿಟ್ಟಿದೀನಿ. ಅದು ಕೊಳೆತ್ರೆ ನಿಂದೇ. ಮಿಕ್ಕಿದ್ದು ನಂದು."

ಭೈರೇಶ ಆ ಕಾಯಿಗೆ ಸೀಮೆಸುಣ್ಣದಲ್ಲಿ ಒಂದು ಗುಂಡು ಸುತ್ತು ಬರೆದು ಅಟ್ಟದ ಅಂಚಿನಲ್ಲಿ ಇಟ್ಟ. ಓಣಿಯ ಮಾತು ಅಲ್ಲಿಗೆ ನಿಂತಿತು.

ಅನಿತಾ ಮೇಡಂ ನೋಡುವ ದಿನ ಬೇರೆ ದಾರಿಯಿರಲಿಲ್ಲ, ಹೇಮಶ್ರೀ ಹಜಾರದಲ್ಲಿ, ಏಡಿಯ ಕೆಳಗೇ ಕೂತಳು. ಮನೆಗೆ ಮನೆಯೇ ಉಸಿರು ಹಿಡಿದಿತ್ತು. ಸುಲೋಚನಮ್ಮ ಕೋಳಿಗಳನ್ನು ಮುಚ್ಚಿ, ಕುಕ್ಕರಿನ ವಿಷಲ್ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಬೀರಪ್ಪನಿಗೆ ಎದ್ದು ಹೋಗಲು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬಾಯಿ ತೆರೆಯುವುದಿಲ್ಲವೆಂದು ಭಾಷೆ ಕೊಟ್ಟು, ಎಲೆಯನ್ನೂ ಹಾಕಿಕೊಳ್ಳದೆ, ಶೇವ್ ಮಾಡಿದ ಗದ್ದ ಮೇಲೆತ್ತಿ, ಫೋಟೋಕ್ಕೆ ಕೂತವನಂತೆ ಬೆಂಚಿನ ಮೇಲೆ ಕೂತಿದ್ದ.

ಅನಿತಾ ಮೇಡಂ ಮುಖ ಕಾಣಿಸಲಿಲ್ಲ. ಮೂಲೆಯಲ್ಲೊಂದು ಕಪ್ಪು ಚೌಕ, ಅದರಲ್ಲಿ ಹೆಸರು ಮಾತ್ರ.

"ಮಿಸ್, ಅಜ್ಜ ಎಲ್ಲ್ಯಾರ?" ಎಂದ ಹುಬ್ಬಳ್ಳಿಯ ಹುಡುಗ ಮೊದಲಿಗೇ.

"ಇವತ್ತು ಅಜ್ಜ ಇಲ್ಲ. ಅರ್ಧಕ್ಕೆ ಕಾಲು ಸೇರಿಸಿದರೆ ಎಷ್ಟು? ಯಾರು ಹೇಳ್ತೀರಿ?"

ಮಂಗಳೂರಿನ ಹುಡುಗಿ ಕೈಯೆತ್ತಿದಳು. "ಮೇಲೆ ಒಂದು ಒಂದು ಎರಡು. ಕೆಳಗೆ ಎರಡು ನಾಲ್ಕು ಆರು. ಆರರಲ್ಲಿ ಎರಡು ಮಿಸ್."

ಹೇಮಶ್ರೀ ಇನ್ನೂ ಬಾಯಿ ತೆರೆದಿರಲಿಲ್ಲ. ಬೆಂಚು ಕಿರ್ರೆಂದಿತು. ಅವಳು ಕಣ್ಣಂಚಿನಲ್ಲಿ ನೋಡಿದಳು. ಮಾವನ ಮುಖ ಕೆಂಪೇರಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಒಂದು ಕೈ ಬಾಯಿಯ ಮೇಲಿತ್ತು. ಕೈ ಸೋತಿತು.

"ಅಯ್ಯೋ ನನ್ನವ್ವ, ಎಂಟಾಣೆಗೆ ನಾಕಾಣೆ ಸೇರಿಸಿದ್ರೆ ಎಂಟಾಣೆಗಿಂತ ಕಮ್ಮಿ ಆಯ್ತದೇನೇ? ಸೇರಿಸಿದ್ದು ಎಲ್ಹೋಯ್ತು, ಕಾಗೆ ಕಚ್ಕಂಡ್ಹೋಯ್ತಾ?"

ಚೌಕಗಳು ಕೇಕೆ ಹಾಕಿದವು. ಅಡುಗೆಮನೆಯಲ್ಲಿ ಸುಲೋಚನಮ್ಮ ಹಣೆ ಬಡಿದುಕೊಂಡದ್ದು ಹಜಾರದವರೆಗೂ ಕೇಳಿಸಿತು. ಹೇಮಶ್ರೀಯ ನಾಲಿಗೆ ತಾನಾಗಿ ಮುಂದುವರಿಯಿತು. "ಅಜ್ಜ ಕೇಳಿದ್ದು ಒಳ್ಳೇ ಪ್ರಶ್ನೆ. ಉತ್ತರ ಬರೆಯೋ ಮುಂಚೆ ನಾವೆಲ್ಲ ಅದನ್ನೇ ಕೇಳಿಕೊಳ್ಳಬೇಕು. ಸೇರಿಸಿದ್ದು ಎಲ್ಲಿಗೆ ಹೋಯ್ತು?" ಎಂದು ಒಂದು ದುಂಡು ಬರೆದು ಹೋಳು ಮಾಡಿ ತೋರಿಸಿದಳು. ಅವತ್ತಿನ ಪಾಠ ಅವಳಿಗೆ ತಿಳಿದ ಮಟ್ಟಿಗೆ ಅವಳು ಮಾಡಿದ ಪಾಠಗಳಲ್ಲೆಲ್ಲ ಚೆನ್ನಾಗಿತ್ತು.

ಮಕ್ಕಳು ಹೋದ ಮೇಲೆ ಕಪ್ಪು ಚೌಕದಲ್ಲಿ ಕನ್ನಡಕ ಹಾಕಿದ ಮುಖವೊಂದು ಬೆಳಗಿತು. ಅನಿತಾ ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು, ನಗುವಿನಿಂದ. "ಕೆಂಪು ಗುರುತು ಎರಡನ್ನೂ ತೆಗೆಸ್ತೀನಿ. ಇನ್ನುಮೇಲೆ ಅದೇ ಜಾಗದಲ್ಲಿ ಕ್ಲಾಸು ಮಾಡಿ. ಮನೆ ವಾತಾವರಣ ಬಹಳ ಚೆನ್ನಾಗಿದೆ. ತಾತ ದಿನಾ ಇರ್ತಾರಾ?"

"ಎಲ್ಲಿಗೆ ಹೋಗ್ಲವ್ವ," ಎಂದ ಬೀರಪ್ಪ. "ಇಲ್ಲೇ ಇರ್ತೀನಿ."

ಸಂಜೆ ಪಾಯಸವಾಯಿತು. ಭೈರೇಶ ಎರಡು ಲೋಟ ಕುಡಿದು, "ನೋಡಿದ್ಯಾ, ಕೊನೆಗೂ ಮೆಶ್ ಬೇಕಾಗ್ಲೇ ಇಲ್ಲ," ಎಂದ. ಹೇಮಶ್ರೀ ತಲೆಯಾಡಿಸಿದಳು. ಕೆಲಸ ಉಳಿದಿತ್ತು, ಎಲ್ಲರೂ ಖುಷಿಯಾಗಿದ್ದರು, ತನಗೆ ಪಾಯಸ ಯಾಕೆ ರುಚಿಸುತ್ತಿಲ್ಲವೆಂದು ಹೇಳಿದರೆ ಯಾರಿಗೆ ಅರ್ಥವಾದೀತು?

ಮರುದಿನದಿಂದ ಕ್ಲಾಸಿನ ಹೊತ್ತಿಗೆ ಬೀರಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಸಿದ್ಧನಾಗಿರುತ್ತಿದ್ದ. ದ್ಯಾಮಮ್ಮ ಒಬ್ಬಳೇ ಬರುತ್ತಿದ್ದವಳು ಎದುರು ಮನೆಯ ತಿಪ್ಪಮ್ಮನನ್ನೂ ಕರೆತಂದಳು, ಇಬ್ಬರೂ ಕ್ಯಾಮೆರಾಕ್ಕೆ ಕಾಣುವಂತೆ ಹುಣಸೆಹಣ್ಣಿನ ಮೊರ ಸರಿಸಿಕೊಂಡು ಕೂತರು. ಬೀರಪ್ಪ ಭಿನ್ನರಾಶಿ ಬಿಟ್ಟು ದಶಾಂಶಕ್ಕೂ ಕೈ ಹಾಕಿದ, ಅದು ಆಣೆಗೆ ಒಗ್ಗದಿದ್ದಾಗ ಸರ್ಕಾರವನ್ನು ಬೈದ. ಮಕ್ಕಳು ಹಿಗ್ಗಿದರು. ಪಾಠಕ್ಕೆ ಮೊದಲೂ ಪಾಠದ ನಡುವೆಯೂ ಪಾಠ ಮುಗಿದ ಮೇಲೂ ಹೇಮಶ್ರೀ ಎಲ್ಲರ ನಡುವೆಯೇ ಇದ್ದಳು. ಮೇಲಿನ ರೂಮಿನಲ್ಲಿ ಗೋಡೆ ಗಡಿಯಾರಗಳು ಒಂದೊಂದಾಗಿ ವಾಪಸು ಬರತೊಡಗಿದವು. ಖಾಲಿ ಇದೆಯಲ್ಲ ಎಂದು ಯಾರೋ ಒಂದು ಮೂಟೆ ಗೊಬ್ಬರವನ್ನೂ ಇಟ್ಟರು.

ಒಂದು ಸಂಜೆ ಸುಲೋಚನಮ್ಮ ಸೊಸೆಯನ್ನು ಹುಡುಕುತ್ತ ಬಂದಾಗ ಅವಳು ಆ ಗೊಬ್ಬರದ ಮೂಟೆಯ ಮೇಲೆ ಕೂತಿದ್ದಳು. ಬಾಗಿಲು ಅರ್ಧ ಮುಚ್ಚಿತ್ತು.

"ಏನೇ ಹೇಮಾ, ಇಲ್ಯಾಕೆ ಕೂತಿದೀಯ? ತಲೆನೋವಾ?"

"ಏನಿಲ್ಲ ಅತ್ತೆ. ಸುಮ್ನೆ."

ಸುಲೋಚನಮ್ಮ ಚೌಕಟ್ಟಿಗೆ ಕೈ ಕೊಟ್ಟು ನಿಂತು, ಅಲ್ಲಿದ್ದ ಸೀಮೆಸುಣ್ಣದ ಅಂಕಿಯನ್ನೂ, ಅದರ ಕೆಳಗಿನ ಗೆರೆಯನ್ನೂ, ಒಳಗಿನ ಚಿಲಕವನ್ನೂ ನಿಧಾನವಾಗಿ ನೋಡಿದಳು. ಚಿಲಕವನ್ನು ಒಂದು ಸಲ ಎಳೆದು, ಬಿಟ್ಟು, ಮತ್ತೆ ಎಳೆದಳು.

"ನಾನು ಈ ಮನೆಗೆ ಬಂದಾಗ ಬಚ್ಚಲಿಗೂ ಬಾಗ್ಲಿರ್ಲಿಲ್ಲ ಕಣೇ. ಗೋಣಿಚೀಲ ಕಟ್ಟಿದ್ರು. ಯಾರಾದ್ರೂ ಬಂದ್ರೆ ಒಳಗಿಂದ ಕೆಮ್ಬೇಕಾಗಿತ್ತು." ಚಿಲಕದಿಂದ ಕೈ ತೆಗೆದು, "ನಂಗೆ ಈಗಲೂ ಸ್ನಾನ ಮಾಡೋವಾಗ ಕೆಮ್ಮು ಬತ್ತದೆ," ಎಂದಳು. ಇಬ್ಬರೂ ನಕ್ಕರು. ಇಳಿದು ಹೋಗುವಾಗ ಸುಲೋಚನಮ್ಮ ಮೆಟ್ಟಿಲ ಮೇಲಿಂದಲೇ ಹೇಳಿದಳು, "ಆ ಕೇಬಲ್ಲಿನೋನಿಗೆ ಫೋನ್ ಮಾಡು. ನಿನ್ನ ದುಡ್ಡು, ನಿನ್ನ ಫೋನು. ನಿಮ್ಮಾವನ್ನ ನಾನು ನೋಡ್ಕತೀನಿ."

ಬಸವೇಶ ಮಾರನೆಯ ದಿನವೇ ಬಂದ. ಭೈರೇಶ ಸ್ಕೂಲಿನಲ್ಲಿದ್ದ. ಉಪ್ಪಿನಕಾಯಿ ಜಾಡಿಯಷ್ಟು ದೊಡ್ಡ ಎರಡು ಬಿಳಿ ಡಬ್ಬಗಳನ್ನು ಚೀಲದಿಂದ ತೆಗೆದು, ಒಂದನ್ನು ಹಜಾರದಲ್ಲಿ ಕೂರಿಸಿದ. ಇನ್ನೊಂದಕ್ಕೆ ಅಟ್ಟದ ಅಂಚಿನ ತೊಲೆಯೇ ಸರಿಯಾದ ಜಾಗ, ಅಲ್ಲಿಂದ ಹಜಾರದ ಬಾಗಿಲೂ ಕಾಣುತ್ತದೆ, ಮೇಲಿನ ಮೆಟ್ಟಿಲೂ ಕಾಣುತ್ತದೆ, ಸಿಗ್ನಲ್ಲು ಕಾಯಿಗಳ ಒಳಗೆ ಹೊಗದೆ ಸುತ್ತಿಕೊಂಡು ಹೋಗುತ್ತದೆ ಎಂದ. ಬೀರಪ್ಪ ಏಣಿಯ ಕೆಳಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ.

"ನಿಮ್ಮ ಒಂದು ಕಾಯೂ ಅಲ್ಲಾಡಲ್ಲ," ಎಂದಳು ಸುಲೋಚನಮ್ಮ. "ಶನಿವಾರದ ಕ್ಲಾಸು ನಿಮ್ಗೆ, ಕೆಳಗೆ. ಮಿಕ್ಕಿದ ದಿನ ಅವಳಿಗೆ, ಮೇಲೆ. ಮಾತು ಮುಗೀತು."

ಬೀರಪ್ಪ ಡಬ್ಬವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಅವನಿಗೆ ಬಿಟ್ಟುಕೊಡಲು ಒಂದು ನೆವ ಬೇಕಿತ್ತು. "ಇದು ಬಿಸಿಯಾಯ್ತದಾ?"

"ಸ್ವಲ್ಪ ಬೆಚ್ಚಗಿರ್ತದೆ ಯಜಮಾನ್ರೇ," ಎಂದ ಬಸವೇಶ ಅಂಜುತ್ತ.

"ಹಗಲೂ ರಾತ್ರಿ?"

"ಹಗಲೂ ರಾತ್ರಿ."

"ಹಂಗಾದ್ರೆ ಇಡು. ಕಾಯಿಗೆ ಒಳ್ಳೇದು."

ಸಂಜೆ ಸ್ಕೂಲಿನಿಂದ ಬಂದ ಭೈರೇಶ ಏಡಿಯಿದ್ದ ಜಾಗದಲ್ಲಿ ಬಿಳಿ ಡಬ್ಬ ಕಂಡು ಚಪ್ಪಲಿಯಲ್ಲೇ ನಿಂತ. "ಕೆಲಸ ಸರಿಹೋಗಿತ್ತಲ್ಲ ಹೇಮಾ. ಹಜಾರದಲ್ಲಿ ಸಿಗ್ನಲ್ ಚೆನ್ನಾಗೇ ಬರ್ತಿತ್ತಲ್ಲ. ಮತ್ಯಾಕೆ?"

"ಹಜಾರಕ್ಕೆ ಬಾಗಿಲಿಲ್ಲ," ಎಂದಳು ಹೇಮಶ್ರೀ.

ಭೈರೇಶ ಹಜಾರದ ಬಾಗಿಲನ್ನು ನೋಡಿದ, ಅದು ಅಲ್ಲೇ ಇತ್ತು. ಹೆಂಡತಿಯ ಮುಖ ನೋಡಿದ. ಚಪ್ಪಲಿ ಬಿಟ್ಟು ಒಳಗೆ ಬಂದ. ಆದರೆ ತತ್ವ ತತ್ವವೇ. ಊಟದ ಹೊತ್ತಿಗೆ ಅವನ ಷರತ್ತು ಸಿದ್ಧವಾಗಿತ್ತು. "ಕಾಯಿ ಒಣಗೋವರೆಗೆ ಮಾತ್ರ. ನಾನು ಗುರುತು ಹಾಕಿರೋ ಕಾಯಿ ಕೊಬ್ಬರಿಯಾದ ದಿನ ಡಬ್ಬ ಎರಡನ್ನೂ ತೆಗ್ದು ನಮ್ಮ ಸ್ಕೂಲ್ ಲ್ಯಾಬಿಗೆ ಕೊಡ್ತೀನಿ. ಏಡಿ ವಾಪಸು ಗೋಡೆಗೆ. ಒಂದೇ ರೂಟರ್ ಸಾಕು ಅಂತ ನಾನು ತೋರಿಸ್ಲೇಬೇಕು."

"ಆಗ್ಲಿ," ಎಂದಳು ಹೇಮಶ್ರೀ. ಯುಗಾದಿ ಆಗ ಬಹಳ ದೂರವಿತ್ತು.

ಗೊಬ್ಬರದ ಮೂಟೆ ಕೆಳಗಿಳಿಯಿತು, ಗಡಿಯಾರಗಳೂ ಇಳಿದವು. ಮಳೆಗಾಲ ಹೋಯಿತು, ರಾಗಿ ಕೊಯ್ಲು ಮುಗಿಯಿತು. ಅಟ್ಟದ ಅಂಚಿನಲ್ಲಿ ಕಾಯಿಗಳ ನಡುವೆ ಬಿಳಿ ಡಬ್ಬ ಹಸಿರು ದೀಪ ಹೊತ್ತು ಕೋಳಿ ಕಾವಿಗೆ ಕೂತಂತೆ ಕೂತಿತ್ತು. ಭೈರೇಶ ಆಗಾಗ ಮೆಟ್ಟಿಲ ಮೇಲೆ ನಿಂತು ತನ್ನ ಕಾಯಿಯನ್ನು ಕುಲುಕಿ ನೋಡುತ್ತಿದ್ದ. ರೂಮಿನೊಳಗೆ ಪಾಠ ಮಾಡುತ್ತಿದ್ದ ಹೇಮಶ್ರೀಗೆ ಬಾಗಿಲಾಚೆ ಗುಳಕ್ ಎಂಬ ಸದ್ದು ಕೇಳಿದರೆ ಸಮಾಧಾನವಾಗುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಆ ಸದ್ದು ತೆಳುವಾಗುತ್ತ ಬಂತು.

ಒಂದು ಭಾನುವಾರ ಅವಳು ರೂಮಿಗೆ ಹೋದರೆ ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದಳು. ಒಳಗೆ ಕುರ್ಚಿ ಸರಿದ ಸದ್ದು, ಒಂದು ಕೆಮ್ಮು. ಬಾಗಿಲು ತೆರೆದ ಭೈರೇಶನ ಕೈಯಲ್ಲಿ ಕೆಂಪು ಪೆನ್ನಿತ್ತು. ಮೇಜಿನ ಮೇಲೆ ಪರೀಕ್ಷೆಯ ಪೇಪರುಗಳಿದ್ದವು, ಒಂದಕ್ಕೂ ಪೆನ್ನು ತಾಗಿರಲಿಲ್ಲ. "ಕೆಳಗೆ ಗಲಾಟೆ," ಎಂದ. ಕೆಳಗೆ ಯಾವ ಗಲಾಟೆಯೂ ಇರಲಿಲ್ಲ, ಎಲ್ಲರೂ ಊಟ ಮಾಡಿ ಮಲಗಿದ್ದರು. "ಇನ್ನೂ ಸ್ವಲ್ಪ ಹೊತ್ತು ಕೂತಿರಿ," ಎಂದು ಹೇಮಶ್ರೀ ಬಾಗಿಲೆಳೆದುಕೊಂಡು ಇಳಿದಳು. ಹಿಂದೆ ಚಿಲಕ ಬಿದ್ದದ್ದು ಕೇಳಿಸಿತು.

ಯುಗಾದಿ ಇನ್ನೇನು ಬಂತೆನ್ನುವಾಗ, ಒಂದು ಸಂಜೆ ಅವಳು ಮಕ್ಕಳಿಗೆ ಲೆಕ್ಕ ಕೊಟ್ಟು ಕಾಯುತ್ತಿದ್ದಳು. ಚೌಕಗಳಲ್ಲಿ ತಲೆಗಳೆಲ್ಲ ಬಗ್ಗಿದ್ದವು. ಬಾಗಿಲಾಚೆ ಮೆಟ್ಟಿಲ ಮೇಲೆ ಪರಿಚಿತ ಹೆಜ್ಜೆ ನಿಂತಿತು. ಹೇಮಶ್ರೀ ಮೈಕನ್ನೂ ಸ್ಪೀಕರನ್ನೂ ಆರಿಸಿ ಕಿವಿಗೊಟ್ಟಳು.

ಗುಳಕ್ ಎನ್ನಲಿಲ್ಲ. ಗಟ, ಗಟ. ಒಣಗಿದ ಕೊಬ್ಬರಿ ಗಿಟುಕು ಚಿಪ್ಪಿನೊಳಗೆ ಉರುಳಿ ಗೋಡೆಗೆ ಬಡಿಯುವ ಸದ್ದು. ಒಂದು ಕ್ಷಣ ಬಿಟ್ಟು ಮತ್ತೊಮ್ಮೆ, ಮೊದಲಿಗಿಂತ ಮೆಲ್ಲಗೆ, ಗಟ.

ಅವಳು ಚಿಲಕದ ಕಡೆ ನೋಡುತ್ತ ಕೂತಳು. ಬಾಗಿಲು ತಟ್ಟುವ ಸದ್ದಿಗೆ ಕಾದಳು. ಬರಲಿಲ್ಲ. ಕಾಯಿಯನ್ನು ಗಳುವಿನ ಮೇಲೆ ಜೋಪಾನವಾಗಿ ಇಟ್ಟ ಸದ್ದು ಬಂತು, ಆಮೇಲೆ ಹೆಜ್ಜೆಗಳು ಇಳಿದವು.

"ಏನ್ಲಾ," ಎಂದು ಕೆಳಗಿನಿಂದ ಬೀರಪ್ಪನ ದನಿ ಕೇಳಿಸಿತು, "ಆಯ್ತಾ ನಿನ್ನ ಕಾಯಿ?"

"ಇನ್ನೂ ಇಲ್ಲ ಅಪ್ಪ," ಎಂದ ಭೈರೇಶ. "ನೀರಿದೆ."

ಹುಬ್ಬಳ್ಳಿಯ ಹುಡುಗ ಕೈಯೆತ್ತಿ ಬಾಯಿ ಅಲ್ಲಾಡಿಸುತ್ತಿದ್ದ. ಹೇಮಶ್ರೀ ಇನ್ನೂ ಸ್ವಲ್ಪ ಹೊತ್ತು ಬಾಗಿಲನ್ನು ನೋಡಿ, ಮೈಕ್, ಸ್ಪೀಕರ್ ಎರಡನ್ನೂ ಒತ್ತಿದಳು.

"ಹೇಳಪ್ಪ. ಕೇಳಿಸ್ತಾ ಇದೆ."